ಅಕ್ಕೋರು ಕುರ್ಚಿ ಇಳಿಸಿದ ಸಂಜೆ

ಮೊನ್ನೆ ಅಂಗಳಕ್ಕೆ ಹಾಸುವ ಫರಸಿ ಕಲ್ಲು ಆರಿಸಲು ಹೋಗಿದ್ದೆ. ಪಾಲಿಶ್ ಮಷೀನಿನ ಕೆಳಗೆ ನೀರು ಕುಡಿದ ಕಲ್ಲಿನಿಂದ ತಣ್ಣನೆಯ ವಾಸನೆಯೊಂದು ಎದ್ದಿತು. ಅದರ ಹಿಂದೆಯೇ ಅಕ್ಕೋರು ನೆನಪಾದರು...

ಶಹಾಬಾದದ ಹೆಣ್ಣುಮಕ್ಕಳ ಸಾಲಿಗೆ ನಾನು ಹೊಸದಾಗಿ ಟೀಚರಾಗಿ ಸೇರಿದಾಗ ಅವರು ಅಲ್ಲಿ ಹಿರಿಯ ಶಿಕ್ಷಕಿ. ಅವರು ವರಾಂಡಕ್ಕೆ ಬಂದರೆ ಮಕ್ಕಳಷ್ಟೇ ಅಲ್ಲ, ನಾವು ಟೀಚರುಗಳೂ ನೆಟ್ಟಗೆ ನಿಲ್ಲುತ್ತಿದ್ದೆವು. ಒಂದು ಬೇಸಿಗೆಯಲ್ಲಿ ಅಣ್ಣನ ಮಗಳನ್ನು ಹೆರಿಗೆಗೆ ಕರೆದೊಯ್ದಿದ್ದರು. ದವಾಖಾನೆಯ ಹೊರಗೆ ಬಾಣಂತಿಯರ ತಾಯಂದಿರು ಉರಿಬಿಸಿಲಲ್ಲಿ ಸೆರಗು ಹೊದ್ದು ಕೂತಿದ್ದನ್ನು ಕಂಡು ಬಂದ ಮೇಲೆ ಅಕ್ಕೋರಿಗೆ ಸಮಾಧಾನವಿರಲಿಲ್ಲ.

"ಅಲ್ಲೊಂದು ನೆರಳು ಮಾಡಬೇಕು. ಸಾಲಿ ಮೈದಾನದಾಗ ಹಾಡು, ಕುಣಿತ ಇಡೋಣು. ಬಂದವರು ಕೈಲಾದಷ್ಟು ಕೊಡಲಿ" ಎಂದರು.

ಕುರಕುಂಟಾದ ಡೊಳ್ಳಿನವರು, ಮೊಹರಂ ಪದ ಹಾಡುವವರು, ಪಕ್ಕದ ತಾಂಡಾದ ಲಂಬಾಣಿ ಹೆಣ್ಣುಮಕ್ಕಳು... ಎಲ್ಲರ ಮನೆಗೂ ತಾವೇ ಹೋಗಿ ಕರೆದರು. ಕಲ್ಲಿನ ಕಾರ್ಖಾನೆಯ ಸಾಹುಕಾರರೊಬ್ಬರು ಆ ನೆರಳಿನ ಚಾವಣಿಗೂ ನೆಲಕ್ಕೂ ಬೇಕಾದ ಫರಸಿ ಕೊಡುವುದಾಗಿ ಒಪ್ಪಿದರು.

ಕಾರ್ಯಕ್ರಮದ ಸಂಜೆ ವೇದಿಕೆಯ ತುಂಬ ಗಣ್ಯರ ಕುರ್ಚಿಗಳಿದ್ದವು. ತಾಂಡಾದವರು ಗೆಜ್ಜೆ ಕಟ್ಟಿಕೊಂಡು ಮೆಟ್ಟಿಲ ಹತ್ತಿರ ಬಂದಾಗ ಸಾಹುಕಾರರು ಕೂಗಿ ಹೇಳಿದರು: "ಅಕ್ಕೋರೆ, ಇವರು ಕೆಳಗ ಮಣ್ಣಾಗ ಕುಣಿಲಿ. ಮ್ಯಾಲ ಹಿರಿಯರು ಕುಂತೀವಲ್ಲ."

ಗೆಜ್ಜೆ ಸದ್ದು ನಿಂತಿತು. ಅಕ್ಕೋರು ಆ ಹೆಣ್ಣುಮಕ್ಕಳ ಮುಖ ನೋಡಿದರು. ಆಮೇಲೆ ನಮ್ಮ ಕಡೆ ತಿರುಗಿ, "ಕುರ್ಚಿ ಎಲ್ಲಾ ಕೆಳಗ ಇಳಸ್ರಿ. ಕುಣಿಯೋರಿಗಿ ಜಾಗ ಬೇಕು" ಎಂದರು.

"ಹಂಗಾದರ ನನ್ನ ಫರಸಿ ಮರತುಬಿಡ್ರಿ!"

"ಆಯ್ತ್ರಿ."

ಸಾಹುಕಾರರು ಹೊರಟೇಹೋದರು. ಅಕ್ಕೋರು ಜಮಖಾನದ ಮೇಲೆ ಕೂತರು. ಪಕ್ಕದಲ್ಲಿದ್ದ ನನ್ನ ಕಡೆ ಬಾಗಿದರು. "ಭಾಳ ದೊಡ್ಡ ಮಾತು ಆಡಿದ್ನೇನವಾ? ಆ ತಾಯಂದಿರು ಮತ್ತ ಬಿಸಿಲಾಗೇ ಕುಂದ್ರಬೇಕೇನು?" ಎಂದು ಮೆಲ್ಲಗೆ ಕೇಳಿದರು.

ಆದರೆ ಸಾಹುಕಾರರ ಹೆಂಡತಿ ಎದ್ದು ಹೋಗಿರಲಿಲ್ಲ. ಹೆಂಗಸರ ಸಾಲಿನಲ್ಲಿ ಕದಲದೆ ಕೂತಿದ್ದರು. ಡೊಳ್ಳು ಮುಗಿಯಿತು, ಪದ ಮುಗಿಯಿತು. ತಾಂಡಾದವರು ಕುಣಿಯುತ್ತ ಕುಣಿಯುತ್ತ ಕೆಳಗಿಳಿದು ಬಂದು ಅಕ್ಕೋರ ಕೈ ಹಿಡಿದು ಎಳೆದರು. ಸಾಲಿಯಲ್ಲಿ ನಮಗೆ ಜೋರಾಗಿ ನಗಲೂ ಬಿಡದ ಅಕ್ಕೋರು ಅಂದು ತಪ್ಪು ಹೆಜ್ಜೆ ಹಾಕುತ್ತ, ಬಾಯ್ತುಂಬ ನಗುತ್ತ ಕುಣಿದರು! ಸಾಹುಕಾರರ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಆ ಸುತ್ತಿಗೆ ಸೇರಿದರು. ಅವರ ಹಿಂದೆ ಇಡೀ ಸಾಲೇ ಎದ್ದಿತು.

ಕೆಲವು ದಿನಗಳಲ್ಲಿ ದವಾಖಾನೆಯ ಮುಂದೆ ಫರಸಿ ತುಂಬಿದ ಲಾರಿ ಬಂದು ನಿಂತಿತು. "ಸಾಹುಕಾರ್ರ ಮನಿ ಅಮ್ಮೋರು ಕಳಿಸ್ಯಾರ್ರಿ" ಎಂದ ಡ್ರೈವರ್. ಅಕ್ಕೋರು ನೇರವಾಗಿ ಸಾಹುಕಾರರ ಹತ್ತಿರವೇ ಹೋಗಿ ಕೈಮುಗಿದರು. ಅವರು ತಲೆ ಎತ್ತದೆ, "ಚಾ ಕುಡದು ಹೋಗ್ರಿ" ಎಂದರಂತೆ. ಗೆದ್ದೆನೆಂಬ ಮಾತು ಅಕ್ಕೋರ ಬಾಯಲ್ಲಿ ನಾನು ಎಂದೂ ಕೇಳಲಿಲ್ಲ...

ಅಕ್ಕೋರು ಹೋದ ವರ್ಷ ತೀರಿಕೊಂಡರು. ತಾಂಡಾದ ಸಾಲಿಗೆ ಕಾಂಪೌಂಡ್ ಕಟ್ಟಿಸಲು ಅಂಥದೇ ಕಾರ್ಯಕ್ರಮ ಮಾಡೋಣವೆಂದು ಈಚೆಗೆ ನಾವೆಲ್ಲ ಸೇರಿದ್ದೆವು. ಮಾತು ಮುಗಿಯಿತು, ಕೆಲಸ ಹಂಚಿಕೊಂಡದ್ದೂ ಆಯಿತು. ಆದರೂ ಯಾರೂ ಏಳಲಿಲ್ಲ. "ಇನ್ನ ಯಾಕ ಕುಂತೀರಿ, ಏಳ್ರಿ!" ಎಂಬ ಅಕ್ಕೋರ ಗದರಿಕೆಗಾಗಿ ಕಾಯುತ್ತಿದ್ದೆವೇನೋ. ಕೊನೆಗೆ ನಾನೇ ಎದ್ದೆ.