ಮೂರನೇ ಜಾಡಿಯ ಸೀಗಡಿ ಮರಿಗಳು

ಆ ಮಾಧ್ಯಮಿಕ ಶಾಲೆಯ ವಿಜ್ಞಾನದ ಮೇಷ್ಟ್ರಿಗೆ ಮಕ್ಕಳು ಇಟ್ಟಿದ್ದ ಹೆಸರು 'ಕಂಡದ್ಬರಿ'. ಹೆತ್ತವರಿಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು. ಪಾಠದ ನಡುವೆ, ಪರೀಕ್ಷೆಯ ನಡುವೆ, ಒಮ್ಮೊಮ್ಮೆ ಊಟದ ಡಬ್ಬಿ ಬಿಚ್ಚಿ ಕೂತ ಮಕ್ಕಳ ನಡುವೆ ಕೂಡ ಅವರ ಬಾಯಲ್ಲಿ ಬರುತ್ತಿದ್ದುದು ಒಂದೇ ಮಾತು: "ಪುಸ್ತಕದಲ್ಲಿರೋದು ಪುಸ್ತಕದಲ್ಲೇ ಇರುತ್ತೆ, ಎಲ್ಲೂ ಓಡಿಹೋಗಲ್ಲ. ನೀನು ಕಂಡದ್ದು ಬರಿ." ಮೇಣದಬತ್ತಿ ಆರಿದಾಗ ನೆಂದ ನಾಯಿಯ ವಾಸನೆ ಬಂತು ಎಂದು ಬರೆದ ಹುಡುಗನಿಗೆ ಪೂರ್ತಿ ಅಂಕ ಕೊಟ್ಟು, ಪುಸ್ತಕದ ಸಾಲನ್ನು ಅಚ್ಚುಕಟ್ಟಾಗಿ ಇಳಿಸಿದವನಿಗೆ ಅರ್ಧ ಕೊಟ್ಟಿದ್ದರು. ಅರ್ಧ ಅಂಕ ಸಿಕ್ಕವನ ತಾಯಿ ಬಂದು ಜಗಳ ಆಡಿದ್ದಳು. ಮೇಷ್ಟ್ರು ಜಗ್ಗಲಿಲ್ಲ. ಏಳನೇ ತರಗತಿ ದಾಟಿ ಹೋಗುವ ಮಕ್ಕಳು ಇನ್ನೇನು ಮರೆತರೂ ಸರಿಯೇ, ತಮ್ಮ ಕಣ್ಣನ್ನು ತಾವು ನಂಬಬೇಕು. ಅದೊಂದಾದರೆ ಇಷ್ಟು ವರ್ಷ ಸೀಮೆಸುಣ್ಣದ ಪುಡಿ ಕುಡಿದದ್ದು ಸಾರ್ಥಕ; ಆಗದಿದ್ದರೆ ಬೇರೆ ಕೆಲಸ ನೋಡಿಕೊಳ್ಳಬಹುದಿತ್ತು ಎಂದು ಅವರು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಿದ್ದರು.

ಕಣ್ಣಿನ ವಿಷಯಕ್ಕೆ ಬಂದರೆ ಅವರಿಗೆ ಸ್ವಲ್ಪ ಜಂಬವೇ ಇತ್ತು. ತಂದೆ ದರ್ಜಿ. ತಲೆಯೆಲ್ಲ ಬೆಳ್ಳಗಾದ ಮೇಲೂ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸುತ್ತಿದ್ದ ಮನುಷ್ಯ. "ನಮ್ಮ ಮನೆತನದವರ ಕಣ್ಣಿಗೆ ವಯಸ್ಸಾಗಲ್ಲ" ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದ. ಮಗ ಅದನ್ನು ಕೇಳಿಸಿಕೊಂಡೇ ಬೆಳೆದಿದ್ದರು. ಹೀಗಾಗಿ ಇತ್ತೀಚೆಗೆ ಪತ್ರಿಕೆಯ ಅಕ್ಷರಗಳು ಒಂದಕ್ಕೊಂದು ಅಂಟಿಕೊಳ್ಳಲು ಶುರುವಾದಾಗ ಅವರು ಬೈದದ್ದು ಪತ್ರಿಕೆಯ ಮುದ್ರಣವನ್ನು. ಔಷಧಿ ಬಾಟಲಿಯ ಮೇಲಿನ ಬರಹ ಕಾಣದಾದಾಗ ಅದನ್ನು ತಯಾರಿಸಿದವರನ್ನು. ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಹೆಂಡತಿ, ಅವರು ಪತ್ರಿಕೆಯನ್ನು ದೂರ ದೂರ ಹಿಡಿಯುವುದನ್ನು ನೋಡಿ ನೋಡಿ ಒಂದು ಬೆಳಿಗ್ಗೆ ಹೇಳಿಯೇಬಿಟ್ಟಳು:

"ಕಣ್ಣು ಚೆನ್ನಾಗೇ ಇದೆ ರೀ. ಕೈ ಗಿಡ್ಡ ಆಗಿದೆ ಅಷ್ಟೆ."

"ಬೆಳಕು ಸಾಲದು ಇಲ್ಲಿ."

"ಕಿಟಕಿ ಪಕ್ಕದಲ್ಲೇ ಕೂತಿದ್ದೀರಲ್ಲ. ಇನ್ನು ಬೀದಿಗೆ ಹೋಗಿ ಕೂತ್ಕೋಬೇಕು." ಅವಳು ತಾನೇ ಕೊಂಡು ತಂದಿದ್ದ ಓದುವ ಕನ್ನಡಕವನ್ನು, ಆ ಚಾಳೀಸನ್ನು, ಅವರ ಚೀಲದ ಒಳಜೇಬಿಗೆ ಹಾಕಿದಳು. ಮೇಷ್ಟ್ರು ಅದನ್ನು ನೋಡಿಯೂ ನೋಡದವರ ಹಾಗೆ ಚೀಲ ಹೆಗಲಿಗೇರಿಸಿ ಹೊರಟರು.

ಉಪ್ಪುನೀರಿನ ಸೀಗಡಿಯ ಪ್ರಯೋಗ ಅವರಿಗೆ ಬಹುಕಾಲದ ಆಸೆ. ಈ ಸೀಗಡಿಯ ಮೊಟ್ಟೆ ವಿಚಿತ್ರವಾದದ್ದು. ಒಣಗಿಸಿ ಡಬ್ಬಿಯಲ್ಲಿಟ್ಟರೆ ವರ್ಷಗಟ್ಟಲೆ ಸತ್ತಂತೆ ಬಿದ್ದಿರುತ್ತದೆ. ಹದವಾದ ಉಪ್ಪುನೀರು, ಬೆಚ್ಚಗಿನ ಬೆಳಕು, ಒಂದಿಷ್ಟು ಗಾಳಿ ಸಿಕ್ಕರೆ ಒಂದೆರಡು ದಿನದಲ್ಲೇ ಮರಿ ಹೊರಬಂದು ಈಜಲು ಶುರುಮಾಡುತ್ತದೆ. ಬಣ್ಣದ ಮೀನು ಮಾರುವ ಅಂಗಡಿಯವನು ಸಾಕು ಮೀನುಗಳಿಗೆ ಆಹಾರವೆಂದು ಇದನ್ನೇ ಮಾರುತ್ತಿದ್ದ. ಮೇಷ್ಟ್ರು ಒಂದು ಪುಟ್ಟ ಪೊಟ್ಟಣ ತಂದು ತರಗತಿಯಲ್ಲಿ ಬಿಚ್ಚಿದಾಗ ಮಕ್ಕಳ ಮುಖ ಸಪ್ಪಗಾಯಿತು. ಒಳಗಿದ್ದುದು ಕಾಫಿಪುಡಿಯಂಥ ಕಂದು ಧೂಳು.

"ಇದ್ರಲ್ಲಿ ಮೊಟ್ಟೆ ಎಲ್ಲಿದೆ ಸಾರ್?" ಎಂದು ಕೇಳಿದವಳು ಕಿಟಕಿ ಕಡೆಯ ಮೇಜಿನ ಹುಡುಗಿ. ಎತ್ತರಕ್ಕೆ ತೆಳ್ಳಗೆ ಬೆಳೆದಿದ್ದ ಅವಳನ್ನು ಎಲ್ಲರೂ ಪೆನ್ಸಿಲ್ ಎನ್ನುತ್ತಿದ್ದರು.

"ಇದೇ ಮೊಟ್ಟೆ. ಅಷ್ಟೂ ಮೊಟ್ಟೆ."

"ಸೀನಿದ್ರೆ ಎಲ್ಲಾ ಹೋಗುತ್ತೆ ಹಾಗಾದ್ರೆ" ಎಂದು ಹಿಂದಿನಿಂದ ಒಬ್ಬ ಹೇಳಿದ. ಹೇಳಿದ್ದೇ ತಡ, ಅರ್ಧ ತರಗತಿಗೆ ಸೀನು ಬರುವಂತಾಗಿ ಎಲ್ಲರೂ ಮೂಗು ಹಿಡಿದುಕೊಂಡರು.

ಪ್ರಶ್ನೆ ಸರಳವಾಗಿತ್ತು: ಎಷ್ಟು ಉಪ್ಪಿನ ನೀರಿನಲ್ಲಿ ಮರಿ ಚೆನ್ನಾಗಿ ಹೊರಬರುತ್ತದೆ? ನಾಲ್ಕು ಮೇಜಿಗೆ ನಾಲ್ಕು ಗಾಜಿನ ಜಾಡಿ. ಮೊದಲನೆಯದರಲ್ಲಿ ಉಪ್ಪಿಲ್ಲದ ನೀರು, ಎರಡನೆಯದರಲ್ಲಿ ಕೊಂಚ, ಮೂರನೆಯದರಲ್ಲಿ ಸಮುದ್ರದ ನೀರಿನಷ್ಟು, ನಾಲ್ಕನೆಯದರಲ್ಲಿ ನಾಲಿಗೆಗೆ ತಾಗಿದರೆ ಮುಖ ಕಿವುಚುವಷ್ಟು. ಮೂರನೆಯದು ಪೆನ್ಸಿಲ್ ಕೂರುವ ಮೇಜಿಗೆ ಬಂತು. ಅಂಗಡಿಯವನಿಂದ ಕೇಳಿ ತಂದ ಗಾಳಿಯ ಪಂಪು ನಾಲ್ಕೂ ಜಾಡಿಗಳಲ್ಲಿ ಗುಳುಗುಳು ಎನ್ನತೊಡಗಿತು. ಮೇಷ್ಟ್ರು ಮನೆಯ ಮೇಜುದೀಪವನ್ನೂ ಹೊತ್ತು ತಂದಿದ್ದರು. ಆ ದಿನ ಮನೆಗೆ ಹೋಗುವಾಗ ಮಕ್ಕಳು ಜಾಡಿಗಳಿಗೆ ಹೋಗಿಬರುತ್ತೇವೆ ಎಂದು ಹೇಳಿದ್ದನ್ನು ಪಕ್ಕದ ತರಗತಿಯ ಗಣಿತದ ಟೀಚರ್ ಕೇಳಿಸಿಕೊಂಡು ನಕ್ಕರು.

ಮರಿ ಹೊರಬರಬೇಕಾದ ಬೆಳಿಗ್ಗೆ ಮೇಷ್ಟ್ರಿಗೆ ಮನೆಯಲ್ಲಿ ನಿಂತಲ್ಲಿ ನಿಲ್ಲಲಾಗಲಿಲ್ಲ. ಜವಾನನಿಗಿಂತ ಮೊದಲೇ ಶಾಲೆ ಸೇರಿ, ಅವನನ್ನು ಕಾದು, ಬೀಗ ತೆಗೆಸಿ, ಪಂಪು ನಿಲ್ಲಿಸಿ, ಒಂದೊಂದೇ ಜಾಡಿಯನ್ನು ಬೆಳಕಿಗೆ ಹಿಡಿದರು. ಕಂಡದ್ದು ಮಂಜು ಮಂಜಾದ ನೀರು, ಅದರಲ್ಲಿ ಕಂದು ಕೊಳೆ. ಹತ್ತಿರ ತಂದರೆ ಅದೂ ಕಲಸಿಹೋಯಿತು. ದೂರ ಹಿಡಿದರೆ ಬರೀ ನೀರು. ಶಾಲೆಯಲ್ಲಿದ್ದ ಒಂದೇ ಭೂತಗನ್ನಡಿ ಕಪಾಟಿನಲ್ಲಿತ್ತು. ಆದರೆ ಅದು ಮಕ್ಕಳಿಗೆ ಸೇರಿದ್ದು, ತನಗೇಕೆ ಬೇಕು ಎಂಬುದು ಅವರ ಹಳೆಯ ಹಟ. ನಾಲ್ಕೂ ಜಾಡಿ ನೋಡಿ ಮುಗಿಸುವಷ್ಟರಲ್ಲಿ ಅವರ ಉತ್ಸಾಹವೆಲ್ಲ ಇಳಿದುಹೋಗಿತ್ತು.

ಮಕ್ಕಳು ಬಂದು ಮುತ್ತಿಕೊಂಡಾಗ ಅವರು ಮೊದಲೇ ಹೇಳಿಬಿಟ್ಟರು. "ಬೇಜಾರು ಮಾಡ್ಕೋಬೇಡಿ. ಯಾವ ಜಾಡಿಯಲ್ಲೂ ಏನೂ ಇಲ್ಲ. ಮೊಟ್ಟೆ ತೀರಾ ಹಳೇದು ಅಂತ ಕಾಣುತ್ತೆ. ಆದ್ರೂ ನೀವೇ ನೋಡಿ, ನೋಡಿ ಹೇಳಿ."

ಭೂತಗನ್ನಡಿ ಕೈಯಿಂದ ಕೈಗೆ ಹೋಯಿತು. ಮೊದಲನೇ ಮೇಜಿನವರು ನೋಡಿ "ಏನೂ ಇಲ್ಲ ಸಾರ್" ಎಂದರು. ಎರಡನೇ ಮೇಜಿನವರು ಜಾಡಿ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಮೇಷ್ಟ್ರ ಮುಖ ನೋಡಿ "ಇಲ್ಲ ಸಾರ್" ಎಂದರು. ಮೂರನೇ ಮೇಜಿನಲ್ಲಿ ಪೆನ್ಸಿಲ್ ಬಹಳ ಹೊತ್ತು ಬಗ್ಗಿ ನೋಡಿದಳು. ಪಕ್ಕದವಳು ಅವಳ ಮೊಣಕೈ ತಿವಿದಳು. "ಇಲ್ಲ ಸಾರ್" ಎಂದು ಇಬ್ಬರೂ ಒಟ್ಟಿಗೆ ಹೇಳಿದರು. ನಾಲ್ಕನೆಯವರೂ ಅದನ್ನೇ ಹೇಳಿದರು.

ಮೇಷ್ಟ್ರು ಮೀನಂಗಡಿಯವನನ್ನು ಮನಸ್ಸಿನಲ್ಲೇ ಚೆನ್ನಾಗಿ ಬೈದು, ಮೂಲೆಯ ತೊಟ್ಟಿಯ ಹತ್ತಿರ ಹೋಗಿ ಮೊದಲನೇ ಜಾಡಿಯ ನೀರು ಚೆಲ್ಲಿದರು. ಎರಡನೆಯದನ್ನೂ ಚೆಲ್ಲಿ ನಲ್ಲಿ ತಿರುಗಿಸಿದರು. ಮೂರನೆಯದನ್ನು ಎತ್ತಿಕೊಂಡಾಗ ಪೆನ್ಸಿಲ್ ಎದ್ದು ಬಂದು ತೊಟ್ಟಿಗೆ ಅಡ್ಡ ನಿಂತಳು.

"ಇದು ಇರ್ಲಿ ಸಾರ್. ಚೆಲ್ಲಬೇಡಿ."

"ಯಾಕಮ್ಮ? ಏನೂ ಇಲ್ಲವಲ್ಲ ಇದ್ರಲ್ಲಿ."

"ಹೌದು ಸಾರ್, ಏನೂ ಇಲ್ಲ." ಅವಳು ಜಾಡಿಯ ಬಾಯಿಗೆ ಕೈ ಅಡ್ಡ ಇಟ್ಟಳು. "ಆದ್ರೂ ಚೆಲ್ಲಬೇಡಿ."

ಮೇಷ್ಟ್ರಿಗೆ ಕುತೂಹಲವಾಯಿತು. ಏನೂ ಇಲ್ಲದ ನೀರಿಗೆ ಈ ಹುಡುಗಿ ಯಾಕೆ ಹೀಗೆ ಅಡ್ಡ ನಿಲ್ಲುತ್ತಾಳೆ? ಮೊಂಡಾಟದ ಹುಡುಗಿಯಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡಿದೆ. ಅವರು ಜಾಡಿಯನ್ನು ಮೇಜಿನ ಮೇಲಿಟ್ಟು ಸ್ಟೂಲೆಳೆದು ಅವಳೆದುರು ಕೂತರು.

"ಬೈಯಲ್ಲ, ಹೇಳು. ಇದ್ರಲ್ಲಿ ಏನಾದ್ರೂ ಇದ್ಯಾ?"

"ಓಡಾಡ್ತಿವೆ ಸಾರ್."

"ಮತ್ತೆ ಇಲ್ಲ ಅಂದ್ಯಲ್ಲ?"

"ನೀವು ಇಲ್ಲ ಅಂದ್ರಲ್ಲ ಸಾರ್."

ಮೇಷ್ಟ್ರು ಉಳಿದವರ ಕಡೆ ತಿರುಗಿದರು. "ಇನ್ಯಾರು ಕಂಡ್ರಿ?" ಮೊದಲು ಒಂದು ಕೈ ಎದ್ದಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಸೀನಿನ ಮಾತಾಡಿದ್ದ ಹುಡುಗ ಎರಡನೇ ಮೇಜಿನವನು. ಅವನು ಎದ್ದುನಿಂತು, ತನ್ನದೇನೂ ತಪ್ಪಿಲ್ಲ ಎನ್ನುವಂತೆ ವಿವರಿಸಿದ: "ನಮ್ಮ ಜಾಡೀಲೂ ಇದ್ವು ಸಾರ್, ಸ್ವಲ್ಪ. ಆದ್ರೆ ಅವು ಮರಿ ಅಲ್ಲ, ಗಾಳಿ ಗುಳ್ಳೆ ಇರಬೇಕು ಅಂದ್ಕೊಂಡ್ವಿ. ಮರಿ ಆಗಿದ್ರೆ ನಿಮಗೆ ಕಾಣ್ತಿತ್ತಲ್ಲ."

ಮೇಷ್ಟ್ರು ತೊಟ್ಟಿಯ ಕಡೆ ನೋಡಿದರು. ಎರಡನೇ ಜಾಡಿ ಖಾಲಿಯಾಗಿ ತೊಟ್ಟಿಯ ಅಂಚಿನಲ್ಲಿ ಬೋರಲು ಬಿದ್ದಿತ್ತು. ಅದರಲ್ಲಿದ್ದ ಜೀವಗಳು ಈಗ ಚರಂಡಿಯಲ್ಲಿವೆ. ಅದು ಅವರನ್ನು ಚುಚ್ಚಿತು. ಆದರೆ ಅದಕ್ಕಿಂತ ಹೆಚ್ಚು ಚುಚ್ಚಿದ್ದು ಆ ಹುಡುಗನ ಮಾತು. ಮಕ್ಕಳು ಸುಳ್ಳು ಹೇಳಿರಲಿಲ್ಲ, ಸೋಮಾರಿತನವನ್ನೂ ಮಾಡಿರಲಿಲ್ಲ. ಕಣ್ಣಾರೆ ಕಂಡು, ಚೆನ್ನಾಗಿ ಯೋಚಿಸಿ, ಕಂಡದ್ದನ್ನು ಗುಳ್ಳೆ ಮಾಡಿಕೊಂಡಿದ್ದರು. ಯಾರ ಮೇಲಿನ ನಂಬಿಕೆಯಿಂದ? ಅವರಿಗೆ ನಾಚಿಕೆಯಾಯಿತು. ಈ ವಯಸ್ಸಿನಲ್ಲಿ, ಮಕ್ಕಳೆದುರು, ಕಿವಿ ಬಿಸಿಯಾಗುವಷ್ಟು ನಾಚಿಕೆಯಾಯಿತು.

ಅವರಿಗೆ ತಪ್ಪಿಸಿಕೊಳ್ಳುವ ದಾರಿಯೂ ಇತ್ತು. 'ನಿಮ್ಮನ್ನು ಪರೀಕ್ಷೆ ಮಾಡೋಕೆ ಹಾಗೆ ಹೇಳಿದೆ' ಎಂದಿದ್ದರೆ ಇಡೀ ತರಗತಿ ನಂಬುತ್ತಿತ್ತು. ಮೇಷ್ಟ್ರು ಎಷ್ಟು ಜಾಣರು ಎಂದು ಮನೆಯಲ್ಲೂ ಹೇಳುತ್ತಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ಅವರು ಪೆನ್ಸಿಲ್ ಮುಖ ನೋಡಿದರು. ಅವಳು ಇನ್ನೂ ತೊಟ್ಟಿಗೆ ಅಡ್ಡವಾಗಿಯೇ ನಿಂತಿದ್ದಳು.

"ನನಗೆ ಹತ್ತಿರದ್ದು ಕಾಣಲ್ಲ" ಎಂದರು ಮೇಷ್ಟ್ರು. "ಬೆಳಿಗ್ಗೆಯೂ ಕಾಣಲಿಲ್ಲ. ಕಾಣಲ್ಲ ಅಂತ ಹೇಳೋದು ಬಿಟ್ಟು, ಇಲ್ಲ ಅಂತ ಹೇಳ್ಬಿಟ್ಟೆ."

ನಗು ಬರಬಹುದೆಂದು ಅವರು ಕಾದರು. ಯಾರೂ ನಗಲಿಲ್ಲ. ಮುಂದಿನ ಸಾಲಿನ ಹುಡುಗಿಯೊಬ್ಬಳು, "ನಮ್ಮ ಅಜ್ಜಿಗೂ ಹಾಗೇ ಸಾರ್" ಎಂದು ಸಮಾಧಾನ ಹೇಳಿದಳು. ಅಜ್ಜಿಯ ಸಾಲಿಗೆ ಸೇರಿದ ಮೇಷ್ಟ್ರು ಇನ್ನು ಉಳಿಸಿಕೊಳ್ಳುವಂಥದ್ದೇನೂ ಇಲ್ಲವೆಂದು ಚೀಲಕ್ಕೆ ಕೈಹಾಕಿ ಚಾಳೀಸು ತೆಗೆದು ಹಾಕಿಕೊಂಡರು. ಅದರ ಮೇಲೆ ಭೂತಗನ್ನಡಿಯನ್ನೂ ಹಿಡಿದು ಬಗ್ಗಿದರು.

ನೀರು ತುಂಬ ಜೀವವಿತ್ತು. ಕಿತ್ತಳೆ ಬಣ್ಣದ ಚುಕ್ಕೆಗಳು. ಒಂದೊಂದೂ ತಡೆತಡೆದು, ಬಿಕ್ಕಳಿಕೆ ಬಂದವರ ಹಾಗೆ, ಒಂದು ಜಿಗಿತ, ಒಂದು ನಿಲುವು, ಮತ್ತೆ ಒಂದು ಜಿಗಿತ. ಎಷ್ಟು ಕಾಲ ಯಾವ ಡಬ್ಬಿಯಲ್ಲಿ ಧೂಳಾಗಿ ಬಿದ್ದಿದ್ದವೋ, ಈಗ ಎಲ್ಲಿಗೋ ತುರ್ತಾಗಿ ಹೊರಟಿದ್ದವು. ಮೇಷ್ಟ್ರು ತಾನು ಮೇಷ್ಟ್ರು ಎಂಬುದನ್ನು ಮರೆತು "ಅಯ್ಯೋ ಇವುಗಳ" ಎಂದುಬಿಟ್ಟರು. ಮಕ್ಕಳಿಗೆ ಆಗ ನಗು ಬಂತು.

ಆಮೇಲೆ ಪಾಠ ಸರಿಯಾಗಿ ಶುರುವಾಯಿತು. ನಾಲ್ಕನೇ ಜಾಡಿಯಲ್ಲಿ ಬಹಳ ಹುಡುಕಿದರೂ ಒಂದೂ ಮರಿ ಸಿಗಲಿಲ್ಲ. ಮೊದಲೆರಡಕ್ಕೆ ಮತ್ತೆ ನೀರು, ಮೊಟ್ಟೆ ಹಾಕಿ ನೋಡಬೇಕೆಂದಾಯಿತು, ಈ ಸಲ ಚೆಲ್ಲುವ ಮುಂಚೆ ಎಲ್ಲರನ್ನೂ ಕೇಳಬೇಕೆಂದೂ ಆಯಿತು. ಕಿಟಕಿ ಮುಚ್ಚಿ, ಮೇಜುದೀಪವನ್ನು ಮೂರನೇ ಜಾಡಿಯ ಒಂದು ಪಕ್ಕಕ್ಕೆ ಇಟ್ಟರು. ನೋಡನೋಡುತ್ತಿದ್ದಂತೆ ಕಿತ್ತಳೆ ಚುಕ್ಕೆಗಳು ದೀಪದ ಕಡೆಗೆ ಸರಿದು ಗಾಜಿಗೆ ಒತ್ತಿಕೊಂಡು ಗುಂಪಾದವು. ಚಾಳೀಸಿನ ಹಿಂದೆ ಮೇಷ್ಟ್ರ ಕಣ್ಣು ದೊಡ್ಡದಾಗಿ ಕಾಣುತ್ತಿತ್ತು.

"ನೋಡಿದ್ರಾ? ಎಲ್ಲಾ ಮರೀನೂ ಬೆಳಕಿಗೆ ಬಂತು" ಎಂದರು.

"ಎಲ್ಲಾ ಬಂದಿಲ್ಲ ಸಾರ್" ಎಂದಳು ಪೆನ್ಸಿಲ್.

ಅವಳ ಬೆರಳು ಜಾಡಿಯ ತಳದ ಹತ್ತಿರ ಗಟ್ಟಿಯಾಗಿ ಊರಿತ್ತು. "ಇಲ್ಲಿ ಒಂದಿದೆ. ಇದು ಬರ್ತಿಲ್ಲ."

ಮೇಷ್ಟ್ರು ಬಗ್ಗಿದರು. ಚಾಳೀಸಿನಲ್ಲೂ ಅವರಿಗೆ ಅಲ್ಲಿ ಏನೂ ಕಾಣಲಿಲ್ಲ. "ನನಗೆ ಕಾಣ್ತಿಲ್ಲ" ಎಂದು ಹೇಳಿ ಭೂತಗನ್ನಡಿಯನ್ನು ಅವಳ ಕೈಗೆ ಕೊಟ್ಟು ಪಕ್ಕಕ್ಕೆ ಸರಿದರು.

"ಇದಿನ್ನೂ ಚಿಪ್ಪಿಗೆ ಅಂಟ್ಕೊಂಡಿದೆ" ಎಂದಳು ಪೆನ್ಸಿಲ್.

"ತಾ ಇಲ್ಲಿ" ಎಂದು ಸೀನಿನ ಹುಡುಗ ಕಿತ್ತುಕೊಂಡು ನೋಡಿದ. "ಅಂಟ್ಕೊಂಡಿಲ್ಲ, ಸತ್ತುಹೋಗಿದೆ."

"ಸತ್ತಿದ್ರೆ ಕಾಲು ಹೇಗೋ ಆಡ್ಸುತ್ತೆ?"

"ಕಾಲಲ್ಲ ಅದು, ನೀರು ಅಲ್ಲಾಡ್ತಿದೆ."

"ಪಂಪು ನಿಂತಿದೆ, ನೀರು ಹೇಗೆ ಅಲ್ಲಾಡುತ್ತೆ?"

ಮೂರನೇ ಮೇಜಿನವರು ಒಂದು ಕಡೆ, ಎರಡನೇ ಮೇಜಿನವರು ಇನ್ನೊಂದು ಕಡೆ. ಯಾರೋ ಇನ್ನೊಂದು ಮರಿ ಕೂಡ ಬಂದಿಲ್ಲ ಎಂದು ತೋರಿಸಿದರು. ಅದು ಮರಿಯೇ ಅಲ್ಲವೆಂದು ಮತ್ತೊಬ್ಬಳು ವಾದಿಸಿದಳು. ತಲೆಗಳೆಲ್ಲ ಜಾಡಿಯ ಸುತ್ತ ಸೇರಿ ಒಂದಕ್ಕೊಂದು ಬಡಿದವು. ಸರಿ ಯಾವುದು ಎಂದು ಈಗ ತನ್ನನ್ನು ಕೇಳಬಹುದೆಂದು ಮೇಷ್ಟ್ರು ಗೋಡೆಗೊರಗಿ ನಿಂತು ಕಾದರು. ಜಗಳ ಜೋರಾಯಿತು. ಒಬ್ಬರೂ ಅವರ ಕಡೆ ತಿರುಗಿ ನೋಡಲಿಲ್ಲ.