ದಿಂಬಿನ ಆಶಿಲ್

ಲೆ ಮಾನ್‌ನ ಇಪ್ಪತ್ನಾಲ್ಕು ಗಂಟೆಯ ಕಾರು ಪಂದ್ಯ ಆಗೆಲ್ಲ ಶುರುವಾಗುತ್ತಿದ್ದದ್ದು ಕಾರಿನಿಂದಲ್ಲ, ಕಾಲಿನಿಂದ. ಕಾರುಗಳು ರಸ್ತೆಯ ಈಚೆ ಬದಿಗೆ ಓರೆಯಾಗಿ ಸಾಲುಗಟ್ಟಿ ನಿಂತಿರುತ್ತಿದ್ದವು. ಚಾಲಕರು ಆಚೆ ಬದಿಯಲ್ಲಿ, ಬಿಳಿ ಬಣ್ಣದಲ್ಲಿ ಬರೆದ ವೃತ್ತಗಳೊಳಗೆ, ಶಾಲೆಯಲ್ಲಿ ಶಿಕ್ಷೆಗೆ ನಿಲ್ಲಿಸಿದ ಹುಡುಗರ ಹಾಗೆ ನಿಂತಿರುತ್ತಿದ್ದರು. ಶನಿವಾರ ಸಂಜೆ ನಾಲ್ಕಕ್ಕೆ ಬಾವುಟ ಬಿದ್ದೊಡನೆ ಎಲ್ಲರೂ ರಸ್ತೆ ದಾಟಿ ಓಡಬೇಕು, ಹಾರಿ ಕೂರಬೇಕು, ಹೊರಡಬೇಕು.

ಒಂದು ವರ್ಷ ಹೀಗೇ ಬಾವುಟ ಬಿತ್ತು, ಎಲ್ಲರೂ ಓಡಿದರು. ಆಶಿಲ್ ಕೊರ್ಮಿಯೆ ಕೂಡ ಓಡಿದ. ಅವನ ಕಂಕುಳಲ್ಲಿ ಒಂದು ದಿಂಬಿತ್ತು. ನಡುರಸ್ತೆಯಲ್ಲಿ ಅದು ಜಾರಿ ಬಿತ್ತು.

ಬೇರೆ ಯಾರಾದರೂ ಬಿದ್ದದ್ದು ಬೀಳಲಿ ಅಂತ ಮುಂದೆ ಹೋಗುತ್ತಿದ್ದರು. ಆದರೆ ದಿಂಬಿಲ್ಲದೆ ಕೂತರೆ ಆಶಿಲ್‌ಗೆ ಕಾಣುತ್ತಿದ್ದದ್ದು ಸ್ಟೀರಿಂಗಿನ ಕೆಳಗಿನ ಅರ್ಧ ಮಾತ್ರ. ಹಿಂದಕ್ಕೆ ಓಡಿದ, ಬಗ್ಗಿದ, ಎತ್ತಿಕೊಂಡ. ತಲೆ ಎತ್ತುವಷ್ಟರಲ್ಲಿ ಐವತ್ತು ಚಿಲ್ಲರೆ ಕಾರುಗಳೂ ಹೊರಟುಹೋಗಿ, ಖಾಲಿ ರಸ್ತೆಯಲ್ಲಿ ನೀಲಿ ಹೊಗೆ, ಒಬ್ಬ ಕುಳ್ಳ ಮನುಷ್ಯ, ಮತ್ತು ಅವನು ಎದೆಗವಚಿಕೊಂಡ ಹುಂಜದ ಕಸೂತಿಯ ದಿಂಬು, ಇಷ್ಟೇ ಉಳಿದಿದ್ದವು. ಧ್ವನಿವರ್ಧಕ ಗಂಟಲು ಸರಿಮಾಡಿಕೊಂಡು ಹೇಳಿತು:

"ಮಹನೀಯರೇ, ಎಲ್ಲರೂ ಓಟಕ್ಕೆ ಹೋದ್ರು. ಒಬ್ರು ಮಾತ್ರ ಮಲಗೋಕೆ ಹೊರಟಿರೋ ಹಾಗಿದೆ."

ಇಡೀ ಗ್ಯಾಲರಿ ನಕ್ಕಿತು. ಅಂದಿನಿಂದ ಅವನು ಊರಿಗೆಲ್ಲ ದಿಂಬಿನ ಆಶಿಲ್.

ಅವನ ಊರು ಆರ್ನಾಜ್, ಪಂದ್ಯದ ದಾರಿಯ ಒಂದು ತಿರುವಿಗೆ ಹೆಸರು ಕೊಟ್ಟ ಊರು. ಅಲ್ಲಿ ಅವನದೊಂದು ಗ್ಯಾರೇಜಿತ್ತು. ವರ್ಷದ ಉಳಿದ ವಾರಗಳಲ್ಲೆಲ್ಲ ಅದೇ ರಸ್ತೆಯಲ್ಲಿ ಕೆಟ್ಟ ಟ್ರ್ಯಾಕ್ಟರುಗಳನ್ನು ಎಳೆದುಕೊಂಡು ಓಡಾಡುತ್ತಿದ್ದ. ಜೂನ್‌ನ ಒಂದು ವಾರ ಮಾತ್ರ ಆ ರಸ್ತೆ ಊರಿನದಲ್ಲ, ಜಗತ್ತಿನದು. ಆ ವಾರ ಅವನೂ ಮೆಕ್ಯಾನಿಕ್ಕಲ್ಲ, ಚಾಲಕ. ಮುಸ್ಯೇ ಪ್ರುವೊ ಎಂಬ ಹಠವಾದಿ ತನ್ನ ಕೊಟ್ಟಿಗೆಯಲ್ಲಿ ತಗಡು ಬಡಿದು ಮಾಡಿದ್ದ ಪುಟ್ಟ ಕಾರು ಅವನದು. ಊರಿನವರು ಅದನ್ನು ಕರೆಯುತ್ತಿದ್ದದ್ದು "ಮೀನಿನ ಡಬ್ಬಿ" ಅಂತ. ದೊಡ್ಡ ಕಾರುಗಳು ಅದರ ಪಕ್ಕ ಹಾದುಹೋದರೆ ಡಬ್ಬಿ ನಡುಗುತ್ತಿತ್ತು, ಒಳಗಿನ ಮೀನೂ ನಡುಗುತ್ತಿತ್ತು.

ದಿಂಬು ಹೊಲಿದವಳು ಹೆಂಡತಿ ಜರ್ಮೇನ್. ಸನ್ಯಾಸಿನಿಯರ ಶಾಲೆಯಲ್ಲಿ ಅವಳು ಕಲಿತದ್ದು ಎರಡೇ, ಪಾಪಕ್ಕೆ ಹೆದರುವುದು ಮತ್ತು ಕಸೂತಿ ಹಾಕುವುದು. ಕಸೂತಿ ಕೊನೆಯವರೆಗೂ ಉಳಿಯಿತು.

ಇಪ್ಪತ್ನಾಲ್ಕು ಗಂಟೆ ಒಬ್ಬನೇ ಓಡಿಸಲಾಗುತ್ತದೆಯೇ? ಒಂದು ಕಾರಿಗೆ ಇಬ್ಬರು. ಒಂದೇ ಸೀಟು, ಒಂದೇ ಸ್ಟೀರಿಂಗು, ಸರದಿಯ ಮೇಲೆ ಎರಡು ಬೆನ್ನು. ಗಂಡ ಹೆಂಡಿರಾದರೂ ಜಗಳವಾಡಿದ ದಿನ ಬೇರೆ ಬೇರೆ ಮಲಗಬಹುದು. ಜೊತೆ ಚಾಲಕರಿಗೆ ಆ ಸೌಕರ್ಯವೂ ಇಲ್ಲ. ಇನ್ನೊಬ್ಬನ ಬೆವರು ಆರುವ ಮೊದಲೇ ಅದರ ಮೇಲೆ ಕೂರಬೇಕು.

ಆಶಿಲ್‌ಗೆ ಗಂಟುಬಿದ್ದವನು ರೆಮಿ ದ ಲೊನೆ. ಪ್ಯಾರಿಸ್ಸಿನ ಕೈಗವಸಿನ ವ್ಯಾಪಾರಿಯ ಮಗ. ಆರಡಿ ಎತ್ತರ, ಅದರಲ್ಲಿ ನಾಲ್ಕಡಿ ಕಾಲೇ. ಹೆಲ್ಮೆಟ್ ತೆಗೆದರೂ ಕೆದರದ ಕೂದಲು. ಎಣ್ಣೆ ಸಿಡಿದರೆ ಅದೂ ಅವನ ಕೆನ್ನೆಯ ಮೇಲೆ ಚಿತ್ರ ಬರೆದ ಹಾಗೆ ಸಿಡಿಯುತ್ತಿತ್ತು. ಆಶಿಲ್‌ನ ಮುಖದ ಮೇಲೆ ಸಿಡಿದರೆ ಬರೀ ಎಣ್ಣೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ರೆಮಿ ಒಳ್ಳೆಯವನು. ದ್ವೇಷಿಸೋಣವೆಂದರೆ ಒಂದು ಹಿಡಿ ಸಿಗದು. ಹಿಡಿಯಿಲ್ಲದ ಬಾಣಲೆಯ ಹಾಗೆ, ಕೈ ಸುಡುತ್ತಿದ್ದದ್ದು ಆಶಿಲ್‌ನದೇ.

ದಿಂಬು ಬಿದ್ದ ಮರುವರ್ಷ ಪ್ರುವೊ ತೀರ್ಮಾನ ಹೇಳಿದ: "ಶುರು ರೆಮಿದು. ಅವನ ಕಾಲುದ್ದ."

"ಆಗ್ಲಿ ಯಜಮಾನ್ರೇ," ಅಂದ ಆಶಿಲ್. "ಹಾಗಾದ್ರೆ ಕೊನೆ ಸರದಿ ನಂದು."

"ಕೊನೆಯದೂ ರೆಮಿದೇ ಕಣಯ್ಯಾ. ಪೇಪರ್‌ನೋರು ಫೋಟೊ ಹಿಡಿಯೋದು ಆವಾಗ್ಲೇ. ನೀನು ಕೂತ್ರೆ ಕಾರು ತಾನಾಗೇ ಬಂದ ಹಾಗೆ ಕಾಣ್ಸುತ್ತೆ."

ಹೀಗಾಗಿ ಆಶಿಲ್‌ನ ಪಾಲಿಗೆ ಬಂದದ್ದು ನಡುವಿನ ಸರದಿಗಳು. ಮಂಜು, ಮಳೆ, ಬೆಳಗಿನ ಜಾವದ ತೂಕಡಿಕೆ. ಸರದಿ ಇವನದು, ಸರದಾರಿಕೆ ಅವನದು. ಭಾನುವಾರ ಮಧ್ಯಾಹ್ನ ಆಶಿಲ್ ಇಳಿಯುತ್ತಿದ್ದ, ರೆಮಿ ಹತ್ತುತ್ತಿದ್ದ, ಬಿಸಿ ದಿಂಬನ್ನು ಬೆಕ್ಕಿನ ಕತ್ತು ಹಿಡಿದ ಹಾಗೆ ಎತ್ತಿ ಹೊರಗೆ ಕೊಡುತ್ತಿದ್ದ: "ತಗೋ ನನ್ನ ಪುಟ್ಟ ಆಶಿಲ್, ನಿನ್ನ ಹುಂಜ." ಗಂಟೆ ಕಳೆದ ಮೇಲೆ ಬಾವುಟ, ಹೂವು, ಫೋಟೊ. ಆ ಫೋಟೊಗಳಲ್ಲಿ ಆಶಿಲ್ ಎಲ್ಲೂ ಇರುತ್ತಿರಲಿಲ್ಲವೆಂದರೆ ತಪ್ಪಾದೀತು. ಒಂದರಲ್ಲಿ ಅವನ ಮೊಣಕೈ ಇದೆ.

ಊರಿನ ಕೆಫೆಯ ಬಾಸಿಲ್ ಲೋಟ ಒರೆಸುತ್ತಾ ಹೇಳುತ್ತಿದ್ದ: "ಏನೇ ಹೇಳು ಆಶಿಲ್, ಬಸಿರು ಹೊತ್ತವನು ನೀನು. ನಾಮಕರಣಕ್ಕೆ ಮಾತ್ರ ಅವನು ಬರ್ತಾನೆ."

"ಬಾಸಿಲ್, ನಿನ್ನ ವೈನಿಗೆ ನೀರು ಬೆರೆಸೋ ಹಾಗೆ ಮಾತಿಗೂ ಸ್ವಲ್ಪ ಬೆರೆಸು."

"ಬೆರೆಸ್ತೀನಿ ಬಿಡು. ನಿನ್ನ ಹೊಟ್ಟೆಲಿ ಉರೀತಿರೋದಕ್ಕೂ ಒಂದ್ಲೋಟ ಹಾಕ್ಲಾ?"

ಇದನ್ನಾದರೂ ಅವನು ಸಹಿಸುತ್ತಿದ್ದ. ಸಹಿಸಲಾಗದಿದ್ದದ್ದು ಕೋಳಿ. ಪ್ರತಿ ವರ್ಷ ಪಂದ್ಯದ ದಿನ ಜರ್ಮೇನ್ ಪಕ್ಕದ ಲೂಎ ಊರಿನ ಹೆಸರಾಂತ ಕೋಳಿಯೊಂದನ್ನು ಇಡಿಯಾಗಿ ಹುರಿದು, ಬಟ್ಟೆಯಲ್ಲಿ ಸುತ್ತಿ, ಬುಟ್ಟಿಯಲ್ಲಿಟ್ಟು, ಕಾರು ನಿಲ್ಲಿಸಿ ಚಾಲಕರು ಸರದಿ ಬದಲಿಸುವ ಪಿಟ್‌ಗೆ ತರುತ್ತಿದ್ದಳು. ಲೂಎ ಕೋಳಿಯ ಕಾಲೆಂದರೆ ಆ ಸೀಮೆಯಲ್ಲಿ ಸಣ್ಣ ವಿಷಯವಲ್ಲ. ಅಣ್ಣತಮ್ಮಂದಿರು ಮಾತು ಬಿಟ್ಟಿದ್ದುಂಟು. ಆ ಕಾಲುಗಳೆರಡೂ ಹೋಗುತ್ತಿದ್ದದ್ದು ರೆಮಿಗೆ. ಆಶಿಲ್‌ಗೆ ಎದೆಭಾಗ, ಒಣಗಿದ್ದು, ಜೊತೆಗೆ ಸಾಸಿವೆ.

"ಉದ್ದ ಕಾಲಿನೋನು," ಅನ್ನುತ್ತಿದ್ದಳು ಜರ್ಮೇನ್. "ಕಾಲಿಗೆ ಕಾಲೇ ಬೇಕು."

"ಹಾಗಾದ್ರೆ ನನಗೆ ಯಾಕೆ ಎದೆ ಕೊಡ್ತೀಯ?"

"ನಿಂದು ಸದಾ ಉರೀತಿರುತ್ತಲ್ಲ, ಅದಕ್ಕೆ."

ಐದು ವರ್ಷ ಹೀಗೇ ನಡೆಯಿತು. ಆರನೆಯ ವರ್ಷದ ಜೂನ್‌ನಲ್ಲಿ ಪ್ರುವೊ ಹೇಳಿಬಿಟ್ಟ, ಇದೇ ಕೊನೆ, ಮುಂದಿನ ವರ್ಷ ಡಬ್ಬಿಯೂ ಇಲ್ಲ, ಮೀನೂ ಇಲ್ಲ. ಆಶಿಲ್ ಆ ವಾರವಿಡೀ ಊಟ ಸರಿಯಾಗಿ ಮಾಡಲಿಲ್ಲ. ಹಣೆಯ ಮೇಲೆ ದೇವರು ಏನೇನು ಗೆರೆ ಎಳೆದಿದ್ದನೋ, ಅವನಿಗೆ ಬೇಕಾಗಿದ್ದದ್ದು ರಸ್ತೆಗೆ ಅಡ್ಡಲಾಗಿ ಎಳೆದ ಒಂದೇ ಒಂದು ಗೆರೆ. ಅದನ್ನು ಒಂದು ಸಲ, ಭಾನುವಾರ ನಾಲ್ಕು ಗಂಟೆಗೆ, ತಾನೇ ದಾಟಬೇಕು. ಜರ್ಮೇನ್‌ಗೆ ಅದು ಗೊತ್ತಿತ್ತು. ಪ್ರುವೊ ಮನಸ್ಸು ಬದಲಿಸುವವನಲ್ಲವೆಂದೂ ಗೊತ್ತಿತ್ತು. ಹಾಗಾಗಿ ತನ್ನ ಕೈಲಾದದ್ದನ್ನು ಮಾಡಿದಳು.

"ಈ ವರ್ಷ ಒಂದು ಕಾಲು ಅವನಿಗೆ, ಒಂದು ನಿನಗೆ," ಅಂದಳು. "ಬುಟ್ಟಿ ತಳದಲ್ಲಿ ಎತ್ತಿಟ್ಟಿರ್ತೀನಿ. ಇಳಿದು ಬಂದು ತಿನ್ನು. ಆಯ್ತಾ?"

ಆ ರಾತ್ರಿ ಆಶಿಲ್ ಸರಿಯಾಗಿ ಊಟ ಮಾಡಿದ.

ಭಾನುವಾರ ಮಧ್ಯಾಹ್ನ ಅವನ ಸರದಿ ಮುಗಿಯುತ್ತಾ ಬಂದಿತ್ತು. ಪಿಟ್‌ನಿಂದ ಪ್ರುವೊ ಸೀಮೆಸುಣ್ಣದಲ್ಲಿ ಬರೆದ ಹಲಗೆ ಹಿಡಿದ: "ಆಶಿಲ್, ಒಳಗೆ ಬಾ." ರೆಮಿ ಹೊಸ ಬಿಳಿ ಉಡುಪು ಹಾಕಿ, ಕೂದಲು ಬಾಚಿ, ಕಟ್ಟೆಯ ಮೇಲೆ ಕೂತು ಕಾಲು ಆಡಿಸುತ್ತಿದ್ದ. ಆಶಿಲ್‌ಗೆ ಹಲಗೆ ಕಂಡಿತು. ಬಾಚಿದ ಕೂದಲು ಅದಕ್ಕಿಂತ ಚೆನ್ನಾಗಿ ಕಂಡಿತು. ಕಾಲು ಆಕ್ಸಿಲರೇಟರಿನ ಮೇಲೇ ಇತ್ತು, ಅಲ್ಲಿಂದ ಏಳಲಿಲ್ಲ.

ಮುಂದಿನ ಸುತ್ತಿಗೆ ಪ್ರುವೊ ಹಲಗೆಯನ್ನು ಇನ್ನೂ ಮುಂದಕ್ಕೆ ಚಾಚಿದ. ಆಶಿಲ್ ಹೋದ. ಅದರ ಮುಂದಿನ ಸುತ್ತಿಗೆ ಹಲಗೆಯನ್ನು ತಲೆಯ ಮೇಲೆ ಆಡಿಸುತ್ತಾ ಕುಣಿದ. ಆಶಿಲ್ ಆಗಲೂ ಹೋದ.

"ಇವನಿಗೇನು ಕಣ್ಣು ಹೋಯ್ತಾ?"

"ಕುಳ್ಳ ಅಲ್ವಾ ಯಜಮಾನ್ರೇ, ಕಂಡಿರಲ್ಲ," ಅಂದ ರೆಮಿ, ಸ್ನೇಹಿತನನ್ನು ಕಾಪಾಡಲು. ಆಮೇಲೆ ಆಶಿಲ್ ಜೀವಮಾನವಿಡೀ ಹೇಳಿದ್ದೂ ಇದೇ ನೆಪವನ್ನು. ಅದನ್ನೂ ರೆಮಿಯಿಂದಲೇ ಸಾಲ ತರಬೇಕಾಯಿತೆಂಬುದು ಅವನ ಇನ್ನೊಂದು ಸಂಕಟ.

ಜರ್ಮೇನ್ ಮಾತ್ರ ತುಟಿ ಬಿಗಿಹಿಡಿದು ನೋಡುತ್ತಿದ್ದಳು. ಗಂಡ ಹಲಗೆಯ ಕಡೆ ತಲೆ ತಿರುಗಿಸಿದ್ದನ್ನು ಅವಳು ಮೂರು ಸಲವೂ ಕಂಡಿದ್ದಳು.

ಇಷ್ಟರಲ್ಲಿ ಡಬ್ಬಿಯ ಎಂಜಿನ್ ಕೆಮ್ಮತೊಡಗಿತು. ಮೂತಿಯಿಂದ ಹಬೆ. ಈಗ ಒಳಗೆ ಕರೆದು ನಿಲ್ಲಿಸಿದರೆ ಮತ್ತೆ ಹೊರಡುವ ನಂಬಿಕೆಯಿಲ್ಲ. ಪ್ರುವೊ ಹಲಗೆಯನ್ನು ನೆಲಕ್ಕೆ ಎಸೆದು ಅದರ ಮೇಲೆ ಕೂತುಬಿಟ್ಟ. ರೆಮಿಯ ಬಿಳಿ ಉಡುಪು ಬಿಳಿಯಾಗಿಯೇ ಉಳಿಯಿತು.

ಲೆ ಮಾನ್‌ನಲ್ಲಿ ಕಾಯಿಲೆಯ ಕಾರುಗಳಿಗೊಂದು ಹಳೆಯ ಉಪಾಯವಿದೆ. ಗಡಿಯಾರ ನಾಲ್ಕು ಹೊಡೆದ ಮೇಲೆ ಸ್ವಂತ ಶಕ್ತಿಯಿಂದ ಗೆರೆ ದಾಟಿದರೆ ಮಾತ್ರ ಪಂದ್ಯ ಮುಗಿಸಿದ ಲೆಕ್ಕ. ಇನ್ನೊಂದು ಸುತ್ತಿಗೆ ಜೀವವಿಲ್ಲದ ಕಾರು ಗೆರೆಯ ಈಚೆಗೇ ನಿಂತು, ಚರ್ಚಿನ ಬಾಗಿಲಲ್ಲಿ ಭಿಕ್ಷುಕ ಕಾದ ಹಾಗೆ, ನಾಲ್ಕು ಗಂಟೆಗೆ ಕಾಯುತ್ತದೆ. ಆಶಿಲ್ ಹಬೆ ಉಗುಳುತ್ತಾ ಬಂದ, ತನ್ನ ಪಿಟ್ ದಾಟಿದ, ಗೆರೆಗೆ ಒಂದು ಮಾರು ಈಚೆ ನಿಂತ, ಎಂಜಿನ್ ಆರಿಸಿದ.

ಇನ್ನು ಕೆಲವು ನಿಮಿಷ. ಯಾರೂ ತಳ್ಳುವಂತಿಲ್ಲ, ಮುಟ್ಟುವಂತಿಲ್ಲ. ಎಂಜಿನ್ ಹೊತ್ತದಿದ್ದರೆ ಆರು ವರ್ಷದ ಮಂಜು ಮಳೆಯೆಲ್ಲ ನೀರುಪಾಲು, ಪ್ರುವೊನ ಕೊನೆಯ ಕಾರೂ ಗುಜರಿ. ಹಿಂದೊಮ್ಮೆ ದಿಂಬಿಗೆ ನಕ್ಕಿದ್ದ ಗ್ಯಾಲರಿ ಈಗ ಉಸಿರು ಹಿಡಿದು ಕೂತಿತ್ತು. ಹುಂಜದ ಮೇಲೆ ಕೂತ ಆಶಿಲ್ ಎದುರಿನ ಗೆರೆಯನ್ನು ನೋಡುತ್ತಿರಲಿಲ್ಲ. ಅವನ ಕಣ್ಣು ಪುಟ್ಟ ಕನ್ನಡಿಯಲ್ಲಿ ನೆಟ್ಟಿತ್ತು. ಹಿಂದಿನಿಂದ ಬರುವ ದೊಡ್ಡ ಕಾರುಗಳಿಗೆ ಹೆದರಿ ನೋಡುತ್ತಿದ್ದಾನೆಂದು ಕೆಲವರು ಅಂದರು. ಕಳೆದ ವರ್ಷಗಳನ್ನು ನೋಡುತ್ತಿದ್ದಾನೆಂದು ಮರುದಿನದ ಪತ್ರಿಕೆ ಬರೆಯಿತು. ನಿಧಾನವಾಗಿ ಅವನ ಮುಖ ಕೆಂಪಾಯಿತು. ಕಣ್ಣಲ್ಲಿ ನೀರು ಬಂತು.

ನಾಲ್ಕು ಹೊಡೆಯಿತು. ಕೀಲಿ ತಿರುಗಿಸಿದ. ಎಂಜಿನ್ ಕೆಮ್ಮಿ ಸುಮ್ಮನಾಯಿತು. ಮತ್ತೆ ತಿರುಗಿಸಿದ. ಸುಮ್ಮನೆ. ಆಗ ಆಶಿಲ್, ಯಾರದೋ ಕುತ್ತಿಗೆ ಹಿಚುಕುವವನ ಹಾಗೆ ಗೇರನ್ನು ಒಂದಕ್ಕೆ ಹಾಕಿ, ಕೀಲಿಯನ್ನು ತಿರುಗಿಸಿ ಹಿಡಿದೇಬಿಟ್ಟ. ಎಂಜಿನ್ ಹೊತ್ತಲಿಲ್ಲ, ಆದರೆ ಬ್ಯಾಟರಿಯಿಂದ ತಿರುಗುವ ಸ್ಟಾರ್ಟರಿನ ಎಳೆತಕ್ಕೇ ಡಬ್ಬಿ ಒಮ್ಮೆ ಕುಪ್ಪಳಿಸಿತು. ಇನ್ನೊಮ್ಮೆ. ಸಂತೆಗೆ ಬರಲೊಲ್ಲದ ಹಸುವಿನ ಹಾಗೆ ನಾಲ್ಕು ಕುಪ್ಪಳಕ್ಕೆ ಅದು ಗೆರೆ ದಾಟಿತು. ಕೊನೆಯ ಸ್ಥಾನ. ಗೆದ್ದವನಿಗೂ ಬೀಳದಷ್ಟು ಚಪ್ಪಾಳೆ ಬಿತ್ತು. ಆಶಿಲ್‌ನನ್ನು ದಿಂಬಿನ ಸಮೇತ ಎತ್ತಿ ಮೆರೆಸಿದರು. ಪ್ರುವೊ ಬೈಯಲು ಬಂದವನು ಅತ್ತುಬಿಟ್ಟ. ಎಲ್ಲರಿಗಿಂತ ಮೊದಲು ಓಡಿ ಬಂದು ತಬ್ಬಿದವನು ರೆಮಿ, ಅವನ ಕಾಲುದ್ದ.

ಮನೆಗೆ ಬಂದ ಮೇಲೆ ಆಶಿಲ್ ಹೆಂಡತಿಯ ಜೊತೆ ಮೂರು ದಿನ ಮಾತಾಡಲಿಲ್ಲ. ಗೆಲುವಿನ ಆಯಾಸವೆಂದರು ಜನ. ಅವಳೂ ಮಾತಾಡಲಿಲ್ಲವೆಂಬುದನ್ನು ಯಾರೂ ಗಮನಿಸಲಿಲ್ಲ.

ಆಮೇಲಿನದು ಟ್ರ್ಯಾಕ್ಟರುಗಳ ಕಥೆ. ರೆಮಿ ಪ್ರತಿ ಜೂನ್‌ನಲ್ಲಿ ಊಟಕ್ಕೆ ಬರುತ್ತಿದ್ದ. ಒಂದು ವರ್ಷ ಅವನ ತಲೆ ಬೋಳಾದದ್ದನ್ನು ಕಂಡು ಆಶಿಲ್‌ಗೆ ಜೀವ ಬಂದ ಹಾಗಾಯಿತು. ಊಟ ಮುಗಿಯುವಷ್ಟರಲ್ಲಿ ಬೋಳೂ ಅವನಿಗೆ ಒಪ್ಪುತ್ತದೆಂದು ಗೊತ್ತಾಗಿ ಹೋಯಿತು. ರೆಮಿ ಸತ್ತಾಗ ಪ್ಯಾರಿಸ್ಸಿನ ದೊಡ್ಡ ಚರ್ಚು ತುಂಬಿ ಬೀದಿಯಲ್ಲೂ ಜನ. ಆಶಿಲ್ ನಿಜವಾಗಿಯೂ ಅತ್ತ. ರೈಲಿನಲ್ಲಿ ಹಿಂದಿರುಗುವಾಗ ಮಾತ್ರ, "ಅಷ್ಟೊಂದು ಹೂವು," ಅಂದ. ಜರ್ಮೇನ್ ಅವನ ಕೈ ತಟ್ಟಿ, "ನಿನಗೂ ಬರುತ್ತೆ ಬಿಡೋ," ಅಂದಳು. ಅವನಿಗಿಂತ ಮೊದಲು ಹೂವು ಬಂದದ್ದು ಅವಳಿಗೇ.

ಈಗ ಹಳೆಯ ಕಾರುಗಳಿಗೆ ಮತ್ತೆ ಕಾಲ ಬಂದಿದೆ. ಬೇಸಿಗೆಯಲ್ಲಿ ಅವುಗಳನ್ನೆಲ್ಲ ಉಜ್ಜಿ ಹೊಳೆಸಿ ಅದೇ ದಾರಿಯಲ್ಲಿ ಓಡಿಸುತ್ತಾರೆ. ಯಾರೋ ಡಚ್ ಶ್ರೀಮಂತ ಮೀನಿನ ಡಬ್ಬಿಯನ್ನು ಹುಡುಕಿ ತೆಗೆದು ಬಣ್ಣ ಹಾಕಿಸಿದ್ದ. ಎಂಬತ್ತು ದಾಟಿದ ಆಶಿಲ್‌ನನ್ನು ಕರೆಸಿ, ಸವೆದ ಹುಂಜದ ಮೇಲೆ ಕೂರಿಸಿ, ಹಳೆಯ ಗೆರೆಯ ಈಚೆಗೇ ಕಾರು ನಿಲ್ಲಿಸಿದರು. ಸುತ್ತ ಜನ ಸೇರಿತು. ರೇಡಿಯೊದ ಹುಡುಗಿ ಮಂಡಿಯೂರಿ ಮೈಕು ಹಿಡಿದಳು. ಅವಳ ದನಿ ಮೆತ್ತಗಾಗಿತ್ತು.

"ಮುಸ್ಯೇ ಕೊರ್ಮಿಯೆ, ಆವತ್ತು ಇದೇ ಜಾಗದಲ್ಲಿ ಒಬ್ರೇ ಕೂತಿದ್ರಿ. ಇಡೀ ಲೆ ಮಾನ್ ಉಸಿರು ಹಿಡಿದಿತ್ತು. ಕನ್ನಡಿ ನೋಡ್ತಾ ನೋಡ್ತಾ ನಿಮ್ಮ ಕಣ್ಣಲ್ಲಿ ನೀರು ಬಂತಂತೆ. ಆ ಕ್ಷಣದಲ್ಲಿ ನಿಮಗೆ ಏನು ಕಾಣಿಸ್ತು?"

ಆಶಿಲ್ ಕನ್ನಡಿಯ ಕಡೆ ಕೈ ಚಾಚಿ ಅದನ್ನು ಸ್ವಲ್ಪ ಓರೆ ಮಾಡಿದ.

"ಪಿಟ್ ಕಾಣಿಸ್ತಿತ್ತಮ್ಮಾ," ಅಂದ. "ನಮ್ಮ ಜರ್ಮೇನ್ ಬುಟ್ಟಿ ತಳಕ್ಕೆ ಕೈ ಹಾಕಿ ನನ್ನ ಕೋಳಿ ಕಾಲು ತೆಗೆದು ಆ ರೆಮಿಗೆ ಕೊಟ್ಳು. ತಿಂದುಬಿಟ್ಟ."