ಪುಟ ತಿರುವುವಷ್ಟು ಹೊತ್ತು

ಹುಬ್ಬಳ್ಳಿಯ ಅಂಗಡಿಯವನು ಒಂದಕ್ಕೆ ಹದಿನಾಲ್ಕು ಸಾವಿರ ಹೇಳಿದ ಹಳೆಯ ಟ್ಯಾಬುಗಳನ್ನು ಒಂಬತ್ತಕ್ಕೆ ಇಳಿಸಿ ಐದು ತಂದೆ. ಕಾರಣ, ಚನ್ನಬಸಪ್ಪನವರ ಬೆರಳು. ಸ್ವರಲಿಪಿಯ ಹಾಳೆ ಮುಗಿದಾಗ ಅವರು ಪಿಟೀಲಿನ ಕಮಾನನ್ನು ತೊಡೆಯ ಮೇಲಿಟ್ಟು, ತೋರುಬೆರಳನ್ನು ನಾಲಿಗೆಗೆ ತಾಗಿಸಿ, ಜಮೀನಿನ ಕಾಗದ ನೋಡುವವರ ಹಾಗೆ ಪುಟ ತಿರುವುತ್ತಿದ್ದರು. ಹಾವೇರಿ ಕೋರ್ಟಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. "ಅವಸರ ಅನ್ನೂದು ಎದುರು ಪಾರ್ಟೀಯವರ ರೋಗರಿ" ಎನ್ನುತ್ತಿದ್ದರು.

ಭಾನುವಾರ ರಾಣೆಬೆನ್ನೂರಿನ ನನ್ನ ಬೀಜದ ಗೋದಾಮಿನಲ್ಲಿ ನಮ್ಮ ಹವ್ಯಾಸಿ ವಾದ್ಯವೃಂದದ ತಾಲೀಮು. ವೃಂದ ಕಟ್ಟಿದವರೂ ನಮಗೆಲ್ಲ ಸ್ವರ ಓದಲು ಕಲಿಸಿದವರೂ ಅವರೇ. ಅವರು ಪುಟ ತಿರುವುವಷ್ಟು ಹೊತ್ತು ಎಲ್ಲರೂ ನುಡಿಸದೆ ನಿಲ್ಲುತ್ತಿದ್ದೆವು. ಕೊಳಲಿನವನಾದ ನನಗೆ ಉಸಿರು ತಿರುಗುತ್ತಿದ್ದುದೇ ಆಗ. ಆ ಮೌನವೂ ರಾಗದ್ದೇ ಎಂದು ತಿಳಿದು ಜನ ತಲೆದೂಗುತ್ತಿದ್ದರು.

ಸ್ವರಲಿಪಿಯನ್ನು ಟ್ಯಾಬಿಗೆ ಹಾಕಿಕೊಂಡರೆ ನಿಲ್ಲುವ ಕೆಲಸವಿಲ್ಲ. ಒಬ್ಬರು ಕಾಲಡಿಯ ಗುಂಡಿ ಒತ್ತಿದರೆ ಐದೂ ಪರದೆಗಳಲ್ಲಿ ಪುಟ ಒಟ್ಟಿಗೇ ತಿರುಗುತ್ತದೆ. ಗುಂಡಿಯನ್ನು ಕೀಬೋರ್ಡ್ ನುಡಿಸುವ ಪ್ರಕಾಶ ತನ್ನ ಕಾಲಡಿ ಇಟ್ಟುಕೊಂಡ.

ಬ್ಯಾಡಗಿಯ ಒಂದು ಮದುವೆ. ಪುಟದ ಕೊನೆಗೆ ಚನ್ನಬಸಪ್ಪನವರು ರೂಢಿಯಂತೆ ಕಮಾನು ಇಳಿಸಿದರು. ಪ್ರಕಾಶ ನಿಲ್ಲಲಿಲ್ಲ, ಅವನ ಹಿಂದೆ ನಾವೂ ನಿಲ್ಲಲಿಲ್ಲ. ಬೆರಳು ನಾಲಿಗೆಯಿಂದ ಪರದೆಗೆ ಬರುವಷ್ಟರಲ್ಲಿ ಪುಟ ತಾನೇ ತಿರುಗಿತ್ತು. ಒದ್ದೆ ಬೆರಳು ಇನ್ನೊಂದು ಪುಟ ಹಾರಿಸಿತು. ಸಾಲು ತಪ್ಪಿ, ಕನ್ನಡಕ ಏರಿಸಿ ಇಳಿಸಿ ಹುಡುಕುತ್ತಿದ್ದ ಅವರನ್ನು ನೋಡಿ ಬೀಗರು ನಕ್ಕರು.

ಊಟಕ್ಕೆ ಕುಳಿತಾಗ ಪ್ರಕಾಶ ಅಂದ: "ಕಾಕಾ, ಇನ್ನ ಮ್ಯಾಲೆ ನೀವು ಹಿಂದ ಕುಂದರ್ರಿ."

"ಹಿಂದ ಕುಂತ್ರ ಪುಟ ನನ್ನ ಕಾಯತೈತೇನೋ?" ಎಂದರು ಚನ್ನಬಸಪ್ಪನವರು.

ನಾನು ವ್ಯಾಪಾರಸ್ಥ, ನಡುಬೆಲೆ ಹೇಳಿದೆ: "ಅವರಿಗೆ ಹಾಳೀನ ಇರಲಿ. ನಾವು ಮೊದಲಿನಂಗ ನಿಂತ್ರಾತು."

"ಒಬ್ಬರ ಸಲುವಾಗಿ ಎಲ್ಲಾರೂ ನಿಂದರಬೇಕೇನ್ರಿ?" ಎಂದ ಪ್ರಕಾಶ.

ಚನ್ನಬಸಪ್ಪನವರು ಎಲೆ ಮಡಚಿದರು. "ಇಷ್ಟು ವರ್ಷ ನಿಂತಿದ್ರಿ. ತ್ರಾಸ ಆಗಾಕತ್ತೈತಿ ಅಂತ ಮೊದಲ ಹೇಳಬೇಕಿತ್ತಲ್ರೋ."

ಮತ್ತೆ ಅವರು ತಾಲೀಮಿಗೆ ಬರಲಿಲ್ಲ. ಕರೆತರಲು ಹಾವೇರಿಯ ಮನೆಗೆ ಹೋದೆ. ಪಿಟೀಲಿನ ತಂತಿಗಳನ್ನೆಲ್ಲ ಸಡಿಲಿಸಿ ಗೋಡೆಗೆ ತೂಗುಹಾಕಿದ್ದರು. "ಚಾ ಕುಡೀರಿ. ಆ ಮಾತು ಬ್ಯಾಡ" ಎಂದರು. ಎಂಥೆಂಥವರನ್ನೋ ಒಪ್ಪಿಸಿದವನು ನಾನು. ಅಲ್ಲಿ ಚಹಾ ಕುಡಿದು ಎದ್ದು ಬಂದೆ. ಆ ವರ್ಷದ ದೀಪಾವಳಿಗೆ ಮೊದಲೇ ಅವರು ತೀರಿಕೊಂಡರು. ಈಗ ವೃಂದ ಎಲ್ಲಿಯೂ ನಿಲ್ಲದೆ ನುಡಿಸುತ್ತದೆ. ಪ್ರಕಾಶನಿಗೆ ಅದೇ ಹೆಮ್ಮೆ.

ನೀವೂ ನಿಮ್ಮ ವೃಂದಕ್ಕೆ ಟ್ಯಾಬ್ ತರುವವರಾದರೆ ಹಳೆಯದನ್ನೇ ತನ್ನಿ, ಹೇಳಿದ ದರಕ್ಕೆ ಒಪ್ಪಬೇಡಿ, ಬ್ಯಾಟರಿ ನೋಡದೆ ಹಣ ಎಣಿಸಬೇಡಿ. ಗುಂಡಿಯನ್ನು ಮಾತ್ರ ನಿಮ್ಮಲ್ಲಿ ಎಲ್ಲರಿಗಿಂತ ನಿಧಾನವಾಗಿ ಓದುವವರ ಕಾಲಡಿ ಇಡಿ.